ಎರಡು ನಿಮಿಷ ಹನ್ನೊಂದು ಸೆಕೆಂಡಿನ ಮಾತು

ಮಾಲಾ ಗೇಟಿನ ಹೊರಗೆ ಚಪ್ಪಲಿ ಬಿಡುತ್ತಿದ್ದುದು ಕಣ್ಣಿಗೆ ಬಿದ್ದಾಗ ಲಕ್ಷ್ಮೀದೇವಮ್ಮ ಗಂಡನ ಕಾಲಿನ ಹೆಬ್ಬೆರಳುಗಳಿಗೆ ಕಟ್ಟಿದ್ದ ದಾರವನ್ನು ಬಿಗಿ ಮಾಡುತ್ತಿದ್ದಳು. ಗಂಟು ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು.

"ಬುಡು ಅತ್ತಿಗೆ, ನಾ ಕಟ್ತೀನಿ," ಎಂದು ನಾದಿನಿ ಅಂಜಮ್ಮ ದಾರ ಕಸಿದುಕೊಂಡಳು. ಅತ್ತಿಗೆಯ ನೋಟ ಹೋದ ಕಡೆ ತಾನೂ ತಿರುಗಿ, "ಅದ್ಯಾರು ಆ ಹುಡುಗಿ? ನಮ್ಮ ಕಡೇವಳಲ್ಲವಲ್ಲ," ಎಂದಳು.

ಲಕ್ಷ್ಮೀದೇವಮ್ಮ ಹೆಣದ ಮೇಲಿನ ಹೂ ಸರಿಪಡಿಸಿದಳು. ಹಿಂದಿನ ಸಂಜೆ ಗಂಡ ರಾಮಕೃಷ್ಣಪ್ಪ ಎದೆ ಹಿಡಿದುಕೊಂಡು ಕುಸಿದಾಗಿನಿಂದ ಯಾರು ಬಂದರೂ ಅವಳಿಗೆ ಹೆದರಿಕೆಯಾಗಿರಲಿಲ್ಲ. ಈಗ ಆಯಿತು.

ಅಂಗಳದಲ್ಲಿ ತಮಟೆ ಬಡಿಯುತ್ತಿದ್ದರು. ಹೆದ್ದಾರಿಯ ಲಾರಿಗಳ ಸದ್ದು ಅದರಲ್ಲಿ ಮುಳುಗಿಹೋಗಿತ್ತು. ಶಾಮಿಯಾನದ ಕೆಳಗೆ ಸೂಳಗಿರಿಯ ಕಾರ್ಖಾನೆಗಳ ಹುಡುಗರು ಸಮವಸ್ತ್ರದಲ್ಲೇ ಬಂದು ನಿಂತಿದ್ದರು. ಮೂರು ವರ್ಷದಿಂದ ರಾಮಕೃಷ್ಣಪ್ಪನ ಮೆಸ್ಸಿನಲ್ಲಿ ಉಂಡವರು.

"ಸಾರಿಗೆ ಉಪ್ಪು ಜಾಸ್ತಿ ಆಯ್ತಣ್ಣ ಅಂದ್ರೆ, ಕಡಲು ಕಂಡ ಕೈ ಕಣ್ಲಾ, ತಿನ್ನು ಅಂತಿದ್ದ," ಎಂದ ಒಬ್ಬ.

"ಹಂಗಂದು ಎರಡು ಮುದ್ದೆ ಜಾಸ್ತಿ ಹಾಕ್ತಿದ್ದ," ಎಂದ ಇನ್ನೊಬ್ಬ. ಇಬ್ಬರೂ ನಕ್ಕು, ಹೆಣದ ಮನೆಯೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು.

ಮಾಲಾ ಒಳಗೆ ಬಂದಳು. ಹೆಣದ ಕಾಲಬುಡದಲ್ಲಿ ನಿಂತಳು. ಹೂ ತಂದಿರಲಿಲ್ಲ, ಕೈ ಮುಗಿಯಲಿಲ್ಲ. ರಾಮಕೃಷ್ಣಪ್ಪನ ಮುಖವನ್ನೇ ನೋಡುತ್ತಿದ್ದಂತೆ ಕಣ್ಣಲ್ಲಿ ನೀರು ಇಳಿಯತೊಡಗಿತು. ಒರೆಸಿಕೊಳ್ಳಲೂ ಇಲ್ಲ.

ಪಕ್ಕದ ಮನೆ ರಾಮಕ್ಕ ಅಂಜಮ್ಮನ ಕಿವಿಯ ಹತ್ತಿರ ಬಗ್ಗಿದಳು. "ಹಡಗಲ್ಲಿ ಜತೆಗಿದ್ದೋಳಂತೆ. ಜೂಜುವಾಡೀಲಿ ಅವಳವ್ವನ ಟೀ ಅಂಗಡಿ."

"ಹಡಗಲ್ಲಾ?"

"ವರ್ಷಕ್ಕೆ ಒಂಬತ್ತು ತಿಂಗ್ಳು ನೀರ ಮೇಲಿದ್ದ ಗಂಡಸು ಕಣಮ್ಮಿ. ಅಲ್ಲೂ ಒಂದು ಒಲೆ ಹೂಡಿದ್ನೋ ಏನೋ."

ಮೆಲ್ಲಗೆ ಆಡಿದ್ದರೂ ಲಕ್ಷ್ಮೀದೇವಮ್ಮನಿಗೆ ಕೇಳಿಸಿತು. ಮಾಲಾಳಿಗೂ ಕೇಳಿಸಿರಬೇಕು, ಕತ್ತಿನ ನರ ಸೆಟೆದದ್ದು ಕಂಡಿತು. ಹಾಗಲ್ಲ ಎಂದು ಲಕ್ಷ್ಮೀದೇವಮ್ಮ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಹಾಗಲ್ಲದಿದ್ದರೆ ಮತ್ತೆ ಹೇಗೆ ಎಂದು ಕೇಳುತ್ತಾರೆ. ಆಗ ಏನು ಹೇಳುವುದು?

*

ನಾಲ್ಕು ವರ್ಷದ ಹಿಂದಿನ ಒಂದು ಬೆಳಗ್ಗೆ. ಲಕ್ಷ್ಮೀದೇವಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಫೋನು ಸದ್ದು ಮಾಡಿತು. ಹಡಗಿನಿಂದ ಗಂಡ ಫೋನಿಗೆ ಕಳಿಸಿದ ದನಿಯ ಸಂದೇಶ. ಎರಡು ನಿಮಿಷ ಹನ್ನೊಂದು ಸೆಕೆಂಡು.

ಅದು ಹೊರದೇಶದ ನೌಕಾಪಡೆಗೆ ಎಣ್ಣೆ, ದವಸ ಹೊತ್ತೊಯ್ಯುವ ಹಡಗು. ಅಡುಗೆಯವರು, ಬಟ್ಟೆ ಒಗೆಯುವವರು, ಉಗ್ರಾಣದವರು ಎಲ್ಲ ಸಿಪಾಯಿಗಳಲ್ಲದ ಗುತ್ತಿಗೆಯ ಜನ. ರಾಮಕೃಷ್ಣಪ್ಪ ಅಡುಗೆಯವನು. ಲಾಂಡ್ರಿ ಕೆಲಸಕ್ಕೆ ಮಾಲಾಳನ್ನು ಸೇರಿಸಿದವನೂ ಅವನೇ. "ನನ್ನ ಮಗಳಂಗೆ ನೋಡ್ಕಂತೀನಿ," ಎಂದು ಅವಳ ತಾಯಿಗೆ ಟೀ ಅಂಗಡಿಯ ಮುಂದೆ ನಿಂತು ಮಾತು ಕೊಟ್ಟಿದ್ದ.

"ಲಕ್ಷ್ಮೀ," ಎಂದಿತ್ತು ದನಿ. "ಉಗ್ರಾಣದ ಸಾಹೇಬ ಮಾಲಾನ ಮಾಂಸ ಮಡಗೋ ತಣ್ಣನೆ ಕೋಣೆಯೊಳಕ್ಕೆ ಎಳ್ಕಂಡೋದ ಕಣೆ. ನಾ ನೋಡ್ದೆ. ಹುಡುಗಿ ಕಿರುಚಿದ್ದೂ ಕೇಳಿಸ್ತು. ಸೌಟು ಹಿಡ್ಕಂಡು ನಿಂತಿದ್ದೆ. ಬಾಗಿಲು ಬಡೀಲಿಲ್ಲ..." ನಡುವೆ ಬಹಳ ಹೊತ್ತು ಬರೀ ಎಂಜಿನ್ನಿನ ಸದ್ದು. "ಕ್ಯಾಪ್ಟನ್ನು ಕರೆಸಿ, ಏನೂ ನೋಡ್ಲಿಲ್ಲ ಅಂತ ಬರೆದಿರೋ ಪೇಪರು ಮುಂದಿಟ್ಟ. ಮುಂದಿನ ಸಲ ನಿನ್ನ ಕರೆಸ್ಕಬೇಕಾ ಬೇಡ್ವಾ ಅಂದ. ಸೈನ್ ಹಾಕ್ಬುಟ್ಟೆ. ಇದನ್ನ ಅಳಿಸಾಕು ಲಕ್ಷ್ಮೀ."

ಅಳಿಸಿದೆ ಎಂದಳು. ಅಳಿಸಲಿಲ್ಲ. ಫೋನಿನ ಗಾಜು ಒಡೆದಾಗ ಮಗ ಪ್ರಮೋದ್ ಹೊಸದು ಕೊಡಿಸುತ್ತೇನೆಂದರೂ ಒಪ್ಪಲಿಲ್ಲ.

*

ರಾಮಕೃಷ್ಣಪ್ಪ ಹಡಗು ಬಿಟ್ಟು ಬಂದ ಮೇಲೆ ಒಮ್ಮೆ ಮಾಲಾ ತಾಯಿಯ ಜತೆ ಇದೇ ಮನೆಗೆ ಬಂದಿದ್ದಳು. ತೊಡೆಯ ಮೇಲೆ ಕಾಗದಗಳ ಚೀಲ.

"ಇಲ್ಲಿ ಸ್ಟೇಷನ್ನಲ್ಲಿ, ಕಡಲಲ್ಲಿ ಆಗಿದ್ದು ನಮ್ಮ ಲಿಮಿಟ್ ಅಲ್ಲಮ್ಮ ಅಂದ್ರು ಮಾಮ. ಯಾವ ನೀರಲ್ಲಿ ಆಯ್ತು ಅಂತ ಕೇಳಿದ್ರು. ಅದು ನಂಗೇನು ಗೊತ್ತು? ಕಿಟಕೀನೇ ಇಲ್ದಿದ್ದ ಕೋಣೆ. ನೌಕಾಪಡೆಗೆ ಬರೆದ್ರೆ, ನೀನೂ ಆ ಸಾಹೇಬನೂ ಯೂನಿಫಾರ್ಮ್ ಇಲ್ಲದವ್ರು, ನಮ್ಮ ಕಾನೂನಿಗೆ ಬರಲ್ಲ ಅಂತ ಉತ್ತರ. ಹಡಗಿನ ಬಾವುಟ ಇನ್ಯಾವುದೋ ದೇಶದ್ದು, ಅವ್ರು ಉತ್ತರಾನೇ ಕೊಡ್ಲಿಲ್ಲ. ಕಂಪನಿಯವ್ರು ಸಾಕ್ಷಿ ಇಲ್ಲ ಅಂತ ಫೈಲು ಮುಚ್ಚವ್ರೆ." ಒಂದೇ ಉಸಿರಿಗೆ ಹೇಳಿ ನಿಲ್ಲಿಸಿದಳು. "ಆ ಸಾಹೇಬ ನಮ್ಮ ದೇಶದವನೇ ಅಲ್ವಾ, ಇಲ್ಲೇ ಕೇಸ್ ನಡೆಸಬಹುದಂತೆ. ಡೆಲ್ಲಿಯಿಂದ ಪರ್ಮಿಷನ್ ಬರ್ಬೇಕಂತೆ. ಮಾಮ, ನೀವು ಅಡುಗೆಮನೇಲಿದ್ರಿ. ಏನಾದ್ರೂ ನೋಡಿದ್ರಾ?"

ಲಕ್ಷ್ಮೀದೇವಮ್ಮ ಕಾಫಿ ಸೋಸುತ್ತಿದ್ದಳು. ಕೈ ತನ್ನಿಂತಾನೇ ನಿಂತಿತು.

"ಇಲ್ಲಮ್ಮ," ಎಂದ ರಾಮಕೃಷ್ಣಪ್ಪ. "ನಾನು ಏನೂ ನೋಡ್ಲಿಲ್ಲ."

ಅವಳು ಕಾಫಿ ತಂದುಕೊಟ್ಟಳು. ಸಕ್ಕರೆ ಸಾಕಾ ಎಂದು ಕೇಳಿದಳು. ಅದಲ್ಲದೆ ಬೇರೇನೂ ಕೇಳಲಿಲ್ಲ.

ಅನುಮತಿ ಬರಲು ಮೂರು ವರ್ಷ ಹಿಡಿಯಿತು. ಹೋದ ವಾರ ರಾಮಕೃಷ್ಣಪ್ಪನ ಹೆಸರಿಗೆ ಕೋರ್ಟಿನ ಸಮನ್ಸು ಬಂತು; ಬರುವ ಬುಧವಾರ ಸಾಕ್ಷಿ. ಅದನ್ನು ಓದಿ ಮಡಿಸಿ, ಬಿಳಿ ಅಂಗಿಯೊಂದನ್ನು ಇಸ್ತ್ರಿಗೆ ಕೊಟ್ಟು ಬಂದ. ಅಲ್ಲಿ ಏನು ಹೇಳುತ್ತೀರಿ ಎಂದು ಹೆಂಡತಿ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಬಿಳಿ ಅಂಗಿಯನ್ನೇ ಈಗ ಹೆಣಕ್ಕೆ ತೊಡಿಸಿದ್ದರು.

*

"ಅಮ್ಮ, ಹಡಗಿನ ಏಜೆನ್ಸಿಯವ್ರು ಬಂದವ್ರೆ." ಪ್ರಮೋದನ ಕೈಯಲ್ಲಿ ಒಂದು ಕಾಗದವಿತ್ತು. ರಾತ್ರಿ ಅವನೇ ಅವರಿಗೆ ಸುದ್ದಿ ಮುಟ್ಟಿಸಿದ್ದ; ಅಪ್ಪ ದುಡಿದ ಜಾಗ, ತಿಳಿಸದಿದ್ದರೆ ಮರ್ಯಾದೆಯಲ್ಲ ಎಂದುಕೊಂಡು. "ದೊಡ್ಡ ಹಾರ ತಂದವ್ರೆ. ಒಂದು ಸೈನ್ ಬೇಕಂತೆ."

"ಏನಂತ ಬರೆದದೆ?"

ಪ್ರಮೋದ್ ತೊದಲಿದ. "ಹಡಗಿನ ಗಲಾಟೆ ವಿಷಯ ಅಪ್ಪ ಮನೇಲಿ ಯಾವತ್ತೂ ಏನೂ ಹೇಳಿಲ್ಲ ಅಂತ. ಸುಮ್ಕೆ ಫಾರ್ಮಾಲಿಟಿ ಅಂತೆ."

ಶಾಮಿಯಾನದಿಂದ ಇಸ್ತ್ರಿ ಮಡಿಕೆ ಮುರಿಯದ ಅಂಗಿಯ ಮನುಷ್ಯನೊಬ್ಬ ಅವಳತ್ತ ಕೈ ಮುಗಿದ. ಕಾಗದ ಆಗಲೇ ಅಚ್ಚಾಗಿತ್ತು. ಅವಳ ಹೆಸರೂ ಇತ್ತು. ಖಾಲಿ ಇದ್ದದ್ದು ಸಹಿಯ ಜಾಗವೊಂದೇ. ಗಂಡನ ಮುಂದೆ ಇಟ್ಟದ್ದೂ ಇಂಥದ್ದೇ ಇರಬೇಕು ಎನ್ನಿಸಿತು ಅವಳಿಗೆ.

"ಮುಖ ತೊಳ್ಕಂಡು ಬತ್ತೀನಿ," ಎಂದು ಎದ್ದಳು.

"ನಾ ಬತ್ತೀನಿ ಅತ್ತಿಗೆ, ನೀರು ಹುಯ್ತೀನಿ."

"ನೀನಿರು ಅಂಜಮ್ಮ. ಈ ಹುಡುಗಿ ಹುಯ್ತಾಳೆ."

ರಾಮಕ್ಕನ ಹುಬ್ಬು ಮೇಲೇರಿತು. ಮಾಲಾ ಬೆಚ್ಚಿ ತಲೆಯೆತ್ತಿದಳು. ಆದರೂ ಹಿಂದೆ ಬಂದಳು.

ಬಚ್ಚಲುಮನೆಯ ಬಾಗಿಲು ಹಾಕಿದ ಮೇಲೆ ತಮಟೆ ಗೋಡೆಯಾಚೆಗೆ ಸರಿದಂತಾಯಿತು.

"ಯಾಕೆ ಬಂದ್ಯವ್ವಾ?"

"ಗೊತ್ತಿಲ್ಲ ಅತ್ತೆ." ಮಾಲಾ ಹಂಡೆಗೆ ಒರಗಿ ನಿಂತಳು. "ಸೋಮವಾರ ಮಾಮ ಫೋನ್ ಮಾಡಿದ್ರು. ಏನೂ ಮಾತಾಡ್ಲಿಲ್ಲ. ಬರೀ ಉಸಿರು. ಬುಧವಾರ ಹೇಳ್ತಾರೆ ಅಂದ್ಕಂಡೆ. ಈಗ ಲಾಯರ್ರು, ಇದ್ದ ಒಂದು ಸಾಕ್ಷೀನೂ ಹೋಯ್ತು, ಕೇಸು ನಿಲ್ಲೋದು ಕಷ್ಟ ಅಂತಾರೆ. ಸತ್ಯವಾಗ್ಲೂ ಹೋದ್ರಾ ಅಂತ ಕಣ್ಣಾರೆ ನೋಡಾಣ ಅಂತ ಬಂದೆ."

ಲಕ್ಷ್ಮೀದೇವಮ್ಮ ಸೊಂಟದಿಂದ ಫೋನು ತೆಗೆದಳು. ಹುಡುಕಲು ಹೊತ್ತಾಗಲಿಲ್ಲ, ಊರಲ್ಲಿ ನೆಲೆಸಿದ ಮೇಲೆ ಗಂಡ ಹೆಂಡತಿಗೆ ಸಂದೇಶ ಕಳಿಸುವುದೇನಿತ್ತು? ದನಿ ತಗ್ಗಿಸಿ ಒತ್ತಿದಳು. ಎಲ್ಲಿಗೆ ಮುಗಿಯುತ್ತದೆಂದು ಅವಳ ಬೆರಳಿಗೆ ಗೊತ್ತಿತ್ತು. ಅಲ್ಲಿಗೆ ನಿಲ್ಲಿಸಿದಳು.

ಮಾಲಾ ಹಂಡೆಯಿಂದ ಬೆನ್ನೆತ್ತಿ ನೇರ ನಿಂತಳು.

"ನಾಲ್ಕು ವರ್ಷದಿಂದ ಇದು ನಿಮ್ಮತ್ರ ಇತ್ತಾ?"

"ಹೂಂ."

"ನಾನು ಕಾಫಿ ಕುಡಿದು ಹೋದ ದಿನಾನೂ?"

"ಆ ದಿನಾನೂ."

ಮಾಲಾ ಕೈ ಎತ್ತಿದಳು. ಹೊಡೆಯುತ್ತಾಳೆ ಎಂದುಕೊಂಡಳು ಲಕ್ಷ್ಮೀದೇವಮ್ಮ, ಹೊಡೆದಿದ್ದರೆ ನೆಮ್ಮದಿಯಾಗುತ್ತಿತ್ತು. ಆ ಕೈ ಗೋಡೆ ಹಿಡಿದುಕೊಂಡಿತು.

"ಲಾಯರ್ರಿಗೆ ಕಳಿಸ್ಕ," ಎಂದು ಲಕ್ಷ್ಮೀದೇವಮ್ಮ ಫೋನು ಮುಂದೆ ಚಾಚಿದಳು. "ಕಳಿಸೋದು ಹೆಂಗೆ ಅಂತ ನಂಗೆ ಬರಾಕಿಲ್ಲ."

"ಊರೆಲ್ಲ ಮಾಮನ್ನ ಆಡ್ಕಳ್ತದೆ ಅತ್ತೆ. ಪ್ರಮೋದಣ್ಣಂಗೂ ಗೊತ್ತಾಗ್ತದೆ."

"ಹೂಂ, ಗೊತ್ತಾಗ್ತದೆ." ಫೋನನ್ನು ಮಾಲಾಳ ಅಂಗೈಗೆ ಇಟ್ಟಳು. "ಬುಧವಾರ ನಾನೂ ಬತ್ತೀನಿ."

"ಹನ್ನೊಂದು ದಿನ ಆಗ್ದೆ ಹೊಸ್ಲು ದಾಟ್ಬಾರ್ದಲ್ಲ ನೀವು?"

ಬಾಗಿಲು ಬಡಿದ ಸದ್ದಾಯಿತು. "ಅಮ್ಮ, ಅವ್ರು ಕಾಯ್ತಾವ್ರೆ. ಸೈನ್ ಹಾಕ್ಬುಡು, ಕಳಿಸ್ಬುಡಾಣ."

"ಹಾಕಲ್ಲ ಅಂತ ಹೇಳು ಪ್ರಮೋದ್."

"ಯಾಕಮ್ಮ?"

"ನಿಮ್ಮಪ್ಪ ನಂಗೆ ಹೇಳವ್ರೆ. ಎಲ್ಲಾ ಹೇಳವ್ರೆ. ಹೋಗಿ ಅವ್ರಿಗೂ ಹಂಗೇ ಹೇಳು."

ಬಾಗಿಲಾಚೆ ಮಗ ಹೋಗಲಿಲ್ಲ. ಅವನ ನೆರಳು ಬಾಗಿಲ ಸಂದಿಯಲ್ಲೇ ನಿಂತಿತ್ತು.

ಮಾಲಾ ಕಳಿಸಿದ್ದಾಗಿತ್ತು. ಮತ್ತೊಮ್ಮೆ ಕೇಳಬೇಕೆನಿಸಿತೋ ಏನೋ, ತಮಟೆಯ ಸದ್ದಿಗೆ ದನಿ ಏರಿಸಿ ಒತ್ತಿ ಕಿವಿಗಿಟ್ಟುಕೊಂಡಳು. ಕೇಳುತ್ತ ಕೇಳುತ್ತ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಫೋನು ಮಡಿಲಿಗೆ ಜಾರಿತು. ಎರಡು ನಿಮಿಷ ಹನ್ನೊಂದು ಸೆಕೆಂಡು ಮುಗಿದದ್ದನ್ನು ಇಬ್ಬರೂ ಗಮನಿಸಲಿಲ್ಲ. ಅದರ ಕೆಳಗಿದ್ದ, ಗಂಡ ಮಾರನೆಯ ದಿನ ಕಳಿಸಿದ್ದ ಸಂದೇಶ ತಾನಾಗಿ ಹತ್ತಿಕೊಂಡಿತು. ಅಷ್ಟರಲ್ಲಿ ಅಂಗಳದ ತಮಟೆ ಬೆಂಕಿಗೆ ಚರ್ಮ ಕಾಯಿಸಲೆಂದು ನಿಂತಿತು.

"ಲಕ್ಷ್ಮೀ," ಎಂದ ರಾಮಕೃಷ್ಣಪ್ಪ. "ಬೆಳಗ್ಗೆ ಆ ಮಗೀಗೆ ಗಂಜಿ ಕಾಯ್ಸಿ ರೂಮ್ ಬಾಗಿಲತ್ರ ಮಡಗಿದ್ದೆ. ಈಗ ಹೋಗಿ ನೋಡ್ದೆ. ಬಟ್ಲು ಹಂಗೇ ಐತೆ."

ಒಳಗೆ ರಾಗ ಎಳೆದು ಅಳುತ್ತಿದ್ದ ಅಂಜಮ್ಮ ಅರ್ಧಕ್ಕೇ ನಿಲ್ಲಿಸಿದಳು. "ಅಣ್ಣನ ದನಿ!" ಎಂದು ಯಾರೋ ಚೀರಿದರು. ಹಿತ್ತಲಿನತ್ತ ಹೆಜ್ಜೆಗಳು ನುಗ್ಗಿಬಂದವು.

ಲಕ್ಷ್ಮೀದೇವಮ್ಮ ಬಾಗಿಲ ಚಿಲಕ ತೆಗೆದಳು. ಎದುರಿಗೆ ಪ್ರಮೋದ್, ಅವನ ಹಿಂದೆ ಅಂಜಮ್ಮ, ರಾಮಕ್ಕ, ಕೈಯಲ್ಲಿ ಪೆನ್ನು ಹಿಡಿದ ಏಜೆನ್ಸಿಯ ಮನುಷ್ಯ. ಮಾಲಾಳ ಮಡಿಲಲ್ಲಿ ಇನ್ನೊಂದು ದನಿ ಶುರುವಾಯಿತು.

"ಲಕ್ಷ್ಮೀ, ಸಂಜೇನೂ ಮಡಗಿದ್ದೆ..."