ಹಳದಿ ಬಾವುಟ ಕಾಣದ ನಕ್ಷೆ

ನಾಲ್ಕು ಹೆಗಲುಗಳ ಮೇಲಿದ್ದ ಅಪ್ಪನ ಜನಾಜಾ ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡು ನಿಂತಾಗ ರೊಹಾಯಾಳ ದುಃಖವೆಲ್ಲ ಸಿಟ್ಟಾಯಿತು. ಎದುರಿಗೆ ಬೈಕುಗಳ ಸಾಲು. ಮಧ್ಯಾಹ್ನದ ನಮಾಜಿನೊಳಗೆ ಮಸೀದಿ ಸೇರಬೇಕು, ನಮಾಜಾದ ಕೂಡಲೇ ಮಣ್ಣು. ಓಣಿಯೋ, ಒಂದು ಬೈಕು ಬಂದರೆ ಕೋಳಿಯೂ ಗೋಡೆಗೆ ಒರಗಬೇಕು, ಅಷ್ಟೇ ಅಗಲ.

ಜಕಾರ್ತದಲ್ಲಿ ಓಣಿಯ ಬಾಯಿಗೆ ಹಳದಿ ಬಾವುಟ ಕಟ್ಟಿದರೆ ಒಳಗೆ ಸಾವಾಗಿದೆ ಎಂದರ್ಥ. ಎಂಥ ಪುಂಡನೂ ಎಂಜಿನ್ ಆರಿಸಿ, ಇಳಿದು, ಗಾಡಿ ತಳ್ಳಿಕೊಂಡು ಹೋಗುತ್ತಾನೆ. ಆದರೆ ಬಾವುಟ ಕಾಣಬೇಕಾದರೆ ತಲೆ ಎತ್ತಬೇಕಲ್ಲ! ಇವರ ಕಣ್ಣೆಲ್ಲ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಿನ ಮೇಲೆ. ದೊಡ್ಡ ರಸ್ತೆ ಕಟ್ಟಿಕೊಂಡಾಗಲೆಲ್ಲ ಆ ಹಾಳು ನಕ್ಷೆ ಊರಿನ ಬೈಕುಗಳನ್ನೆಲ್ಲ ಈ ಓಣಿಗೆ ನುಗ್ಗಿಸುತ್ತಿತ್ತು. ತಿರುವಿನಲ್ಲಿ ಎದುರಿನವರು ಕಾಣುವುದಿಲ್ಲವೆಂದು ಅದಕ್ಕೇನು ಗೊತ್ತು? ಅದಕ್ಕೇ ಅಪ್ಪ ಬಿಸಿಲೆನ್ನದೆ ಮಳೆಯೆನ್ನದೆ ಇಲ್ಲೇ ಕೂತು, ಕೈ ಎತ್ತಿ ಒಂದು ಕಡೆಯವರನ್ನು ತಡೆದು ಇನ್ನೊಂದು ಕಡೆಯವರನ್ನು ಬಿಡುತ್ತಿದ್ದ. ಯಾರೂ ಅವನನ್ನು ಆ ಕೆಲಸಕ್ಕೆ ನೇಮಿಸಿರಲಿಲ್ಲ.

“ಹಿಂದಕ್ ತಗೊಳ್ರೋ!” ಹೆಗಲು ಕೊಟ್ಟಿದ್ದ ತಮ್ಮ ಸಾನಿಬ್ ಕೂಗಿದ.

“ಹಿಂದೆ ಸಾಲುಗಟ್ಟಿ ನಿಂತಿದಾರೆ ಅಣ್ಣಾ, ಎಲ್ಲಿಗ್ ಹೋಗ್ಲಿ?” ಮುಂದಿದ್ದ ಸವಾರ ಫೋನಿನಿಂದ ಕಣ್ಣು ಕೀಳಲೇ ಇಲ್ಲ. “ಮ್ಯಾಪಲ್ಲಿ ರಸ್ತೆ ಖಾಲಿ ಅಂತಾನೇ ತೋರಿಸ್ತಿದೆ. ಇಲ್ಲಿ ಕೂತಿರ್ತಿದ್ನಲ್ಲ ಮುದುಕ, ಎಲ್ಲಿ ಹಾಳಾಗ್ ಹೋದ? ಅವನಿದ್ದಿದ್ರೆ ಹಿಂಗಾಗ್ತಿತ್ತಾ?”

ರೊಹಾಯಾ ನುಗ್ಗಿ ಬಂದು ಅವನ ಗದ್ದ ಹಿಡಿದು ಮುಖ ಮೇಲೆತ್ತಿದಳು.

“ನೋಡು. ಕಣ್ ಬಿಟ್ಟು ನೋಡು. ಅಲ್ಲಿ ಮಲಗಿದಾನೆ ನಮ್ಮಪ್ಪ. ಎಬ್ಬಿಸ್ಲಾ? ನಿಂಗೆ ದಾರಿ ಬಿಡ್ಸೋಕೆ ಎಬ್ಬಿಸ್ಲಾ?”

ಹಸಿರು ಬಟ್ಟೆ ಹೊದಿಸಿದ ಜನಾಜಾ ಕಂಡು ಸವಾರನ ಮುಖ ಬಿಳಿಚಿಕೊಂಡಿತು. ಎಂಜಿನ್ ಆರಿಸಿ ಇಳಿದ.

“ತಪ್ಪಾಯ್ತು ಅಮ್ಮಾ... ನಾನೂ ಹೆಗಲು ಕೊಡ್ತೀನಿ.”

“ನಿನ್ ಹೆಗಲು ಯಾರಿಗ್ ಬೇಕು! ದಾರಿ ಬಿಡು. ಇಷ್ಟು ವರ್ಷ ಅವನು ನಿಂಗೆ ಬಿಟ್ಟಿದಾನೆ, ಇವತ್ತೊಂದಿನ ನೀನು ಬಿಡು.”

ಅವನು ಹಿಂದಿನವನಿಗೆ ಹೇಳಿದ, ಹಿಂದಿನವನು ಅವನ ಹಿಂದಿನವನಿಗೆ. ಎಂಜಿನ್ನುಗಳು ಒಂದೊಂದಾಗಿ ಆರಿದವು. ಅಕ್ಕಪಕ್ಕದ ಹೆಂಗಸರು ಬಾಗಿಲು ತೆರೆದರು; ಸವಾರರು ಬೈಕುಗಳನ್ನು ಎತ್ತಿ ಅವರ ಪಡಸಾಲೆಗಳಿಗೆ ತುರುಕಿ, ಗೋಡೆಗೆ ಅಂಟಿ ನಿಂತರು. ಜನಾಜಾ ಅಲುಗಿತು. ಅಷ್ಟರಲ್ಲಿ ಮಸೀದಿಯಿಂದ ಬಾಂಗು ಕೇಳಿಸಿತು.

ಸಾಲಿನ ಕೊನೆಯಲ್ಲಿ ಯಾವನೋ ಇನ್ನೂ ಹಾರ್ನ್ ಒತ್ತುತ್ತಲೇ ಇದ್ದ. ರೊಹಾಯಾ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡು, ಅಪ್ಪನ ಮುಂದೆ ಮುಂದೆ ನಡೆದಳು.