ಕತ್ತಲ ಕೋಣೆಯ ಕೆಂಪು ದೀಪ

ನೋಂದಣಿ ಮೇಜಿನ ಬಳಿ ನಿಂತು ಇಗುಚಿ ಮಹೋ ತನ್ನ ಹೆಸರಿನ ಬಿಲ್ಲೆಗೆ ಹಸಿರು ಪಟ್ಟಿ ಸಿಕ್ಕಿಸಿಕೊಳ್ಳುತ್ತಿದ್ದಳು. ಸಸ್ಯವಿಜ್ಞಾನ ಸಂಘದ ನೆರವು ಪಡೆದು ಸಮ್ಮೇಳನಕ್ಕೆ ಬಂದ ವಿದ್ಯಾರ್ಥಿಗಳ ಗುರುತು ಅದು. ತೊತ್ತೊರಿಯಿಂದ ಮಾತ್ಸುಯಾಮದವರೆಗಿನ ರೈಲು ಖರ್ಚನ್ನೂ ಕೋಣೆಯ ಬಾಡಿಗೆಯನ್ನೂ ಆ ನಿಧಿ ಭರಿಸಿರದಿದ್ದರೆ, ಸಂಜೆ ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ದುಡಿದು ಓದುತ್ತಿದ್ದ ಆಕೆ ಇಲ್ಲಿಗೆ ಬರುವ ಯೋಚನೆಯನ್ನೇ ಮಾಡುತ್ತಿರಲಿಲ್ಲ.

"ಮಧ್ಯಾಹ್ನ ಪೋಸ್ಟರ್ ಹತ್ರಾನೇ ಇರಿ," ಎಂದಳು ಮೇಜಿನ ಹಿಂದಿದ್ದ ಸಂಘದ ಗುಮಾಸ್ತೆ. "ನಿಮ್ಮ ಖರ್ಚು ಕೊಟ್ಟೋರು ನೋಡೋಕೆ ಬರ್ತಾರೆ. ಯಾವ ವರ್ಷಾನೂ ತಪ್ಪಿಸಿಲ್ಲ."

"ಯಾರವರು? ಪತ್ರದಲ್ಲಿ ಹೆಸರಿರಲಿಲ್ಲ."

"ಹೆಸರು ಹಾಕ್ಬೇಡಿ ಅಂದಿದಾರೆ. ಇಮಾಬಾರಿಯ ತೊಕುಮಾರು ಅನ್ನೋ ತಾಯಿ. ಮಗಳು ಓದ್ತಿರುವಾಗಲೇ ತೀರ್ಕೊಂಡ್ಲು. ಸಾವಿನ ಮನೆಗೆ ಬಂದೋರು ಲಕೋಟೆಯಲ್ಲಿಟ್ಟು ಕೊಟ್ಟ ಹಣಾನೆಲ್ಲ ತಂದು ಸಂಘಕ್ಕೆ ಕೊಟ್ಬಿಟ್ರು. ಆ ಹುಡುಗಿ ನಿಮ್ಮ ಪ್ರಯೋಗಾಲಯದವಳೇ ಅಲ್ವಾ? ಶಿನೋ ಅಂತ."

ಬಿಲ್ಲೆ ಮಹೋಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನೆತ್ತಿಕೊಳ್ಳಬೇಕೆಂಬುದು ಅವಳಿಗೆ ಹೊಳೆಯಲಿಲ್ಲ.

ಒಳಗಿನ ಸಭಾಂಗಣದಲ್ಲಿ, ಬೆಳಿಗ್ಗೆಯಷ್ಟೇ ಅವಳು ತೂಗುಹಾಕಿದ್ದ ಪೋಸ್ಟರಿನ ಎರಡನೆಯ ಸಾಲಿನಲ್ಲಿ ಆ ಹೆಸರಿತ್ತು: ತೊಕುಮಾರು ಶಿನೋ ಪ್ರಕಟಿಸಿದ ಫಲಿತಾಂಶ ತಪ್ಪು.

ಮುಂಜಾನೆ ಹೂವರಳಿಸುವ ಅಸಗಾವೊ ಬಳ್ಳಿ ಮೊಗ್ಗು ಕಟ್ಟಬೇಕಾದರೆ ದೀರ್ಘವಾದ, ಎಲ್ಲಿಯೂ ತುಂಡಾಗದ ಕತ್ತಲೆ ಬೇಕು. ಇದಕ್ಕೆ ಒಂದು ಹಳೆಯ ತಳಿ ಅಪವಾದವೆಂದೂ, ಎಷ್ಟು ಕತ್ತಲೆ ಕೊಟ್ಟರೂ ಅದು ಮೊಗ್ಗು ಬಿಡದೆಂದೂ ಶಿನೋ ಬರೆದಿದ್ದಳು. ಅವಳು ಬರೆದ ಲೇಖನ ಅದೊಂದೇ. ಮಹೋ ಅದೇ ಕತ್ತಲ ಕೋಣೆಯಲ್ಲಿ ಅದೇ ಬಳ್ಳಿ ಬೆಳೆಸಿದಾಗ ಅವಳಿಗೂ ಮೊಗ್ಗು ಕಾಣಲಿಲ್ಲ. ಒಮ್ಮೆ ಬಾಗಿಲು ಮುಚ್ಚಿಕೊಂಡು ಒಳಗೇ ಕುಳಿತಳು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಮೂಲೆಯಲ್ಲಿದ್ದ ತೇವ ಹೀರುವ ಯಂತ್ರದ ಮೇಲೆ ಅದು ಓಡುವಾಗಷ್ಟೇ ಉರಿಯುವ, ಸಾಸಿವೆ ಗಾತ್ರದ ಕೆಂಪು ದೀಪವೊಂದು ಕಂಡಿತು. ಅದರ ಮೇಲೆ ಕರಿಯ ಪಟ್ಟಿ ಅಂಟಿಸಿದಳು. ಬಳ್ಳಿ ಮೊಗ್ಗು ಬಿಟ್ಟಿತು.

ಹಣ ಕೊಟ್ಟ ತಾಯಿಯ ಸುದ್ದಿಯನ್ನು ಮಹೋಳಿಂದ ಕೇಳಿ ಕಿಜಿಮಾ ಮೇಷ್ಟ್ರು ಕೈಯಲ್ಲಿದ್ದ ಚಹಾ ಕುಡಿಯುವುದನ್ನು ಮರೆತರು. ಶಿನೋಳಿಗೆ ಕಲಿಸಿದವರೂ ಅವರೇ.

"ಯಾವ ಹಣ ಯಾರಿಗೆ ಹೋಗುತ್ತೆ ಅಂತ ಸಂಘ ನಮಗೆ ಹೇಳೋದಿಲ್ಲ ಕಣಮ್ಮ," ಎಂದರು. "ಆಕೆ ಬಂದು ಹೂವಿನ ಚಿತ್ರ ನೋಡ್ತಾರೆ, ಊಟ ಆಯ್ತಾ ಅಂತ ಕೇಳ್ತಾರೆ, ತಮ್ಮೂರಲ್ಲಿ ನೇಯೋ ಟವೆಲ್ ಒಂದನ್ನ ಕೊಟ್ಟು ಹೋಗ್ತಾರೆ. ಹೂ ಬಿಟ್ಟಿದೆ ಅಂತಷ್ಟೇ ಹೇಳು. ಸುಳ್ಳು ಹೇಳು ಅಂತಿಲ್ಲ."

"ಹೆಸರು ಅಲ್ಲೇ ಅಚ್ಚಾಗಿದೆಯಲ್ಲ, ಮೇಷ್ಟ್ರೇ."

"ಅದರ ಮೇಲೆ ಒಂದು ಬಿಳಿ ಕಾಗದ ಅಂಟಿಸು."

"ಕಾಗದ ಯಾಕೆ? ನಾನೇ ಅಡ್ಡ ನಿಂತ್ಕೋತೀನಿ," ಎಂದ ಜೊತೆಯ ವಿದ್ಯಾರ್ಥಿ ಸುನಾಗಾ. "ನಾನು ನಿಂತ್ರೆ ಪೋಸ್ಟರ್ ಏನು, ಗೋಡೇನೇ ಕಾಣಲ್ಲ ಅಂತ ನೀನೇ ಅಂತಿರ್ತೀಯಲ್ಲ."

ಯಾರೂ ನಗಲಿಲ್ಲ. ಮಹೋ ಕಾಗದ ಅಂಟಿಸಿದಳು. ಅಂಟಿಸಿದ ಮೇಲೆ ಆ ಬಿಳಿ ತುಂಡು ಪೋಸ್ಟರಿನ ಉಳಿದೆಲ್ಲ ಅಕ್ಷರಗಳಿಗಿಂತ ಎದ್ದು ಕಾಣತೊಡಗಿತು.

ಮಧ್ಯಾಹ್ನ ಬಂದ ಹೆಂಗಸು ಕುಳ್ಳಗಿದ್ದರು. ಬೂದುಬಣ್ಣದ ಉಡುಪು, ಕೈಯಲ್ಲಿ ಬಟ್ಟೆಯ ಗಂಟು. ತಲೆಬಾಗಿ ವಂದಿಸಿ, "ಊಟ ಆಯ್ತೇನಮ್ಮ?" ಎಂದರು.

"ಆಯ್ತು," ಎಂದಳು ಮಹೋ. ಆಗಿರಲಿಲ್ಲ.

"ಶಿನೋ ಇದ್ದ ಕಡೆಯಿಂದಲೇ ಬಂದಿದೀರಂತೆ. ಈ ಸಲ ಕೇಳಿ ಖುಷಿಯಾಯ್ತು." ಅವರ ದೃಷ್ಟಿ ಬಿಳಿ ಕಾಗದದ ಮೇಲೆ ನಿಂತಿತು. "ಇದೇನು, ಅಚ್ಚಿನ ತಪ್ಪಾ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಮಹೋ ಆ ತಾಯಿಯ ಮುಖವನ್ನು ನೋಡಿದಳು. ತಾನು ಉತ್ತರಿಸಿದ ಮರುಕ್ಷಣವೇ ಮುಂದಿನ ವರ್ಷದ ನೆರವೆಲ್ಲ ನಿಂತುಹೋಗಬಹುದೆಂದೂ, ಅದಕ್ಕಿಂತ ಹೆಚ್ಚಾಗಿ ಈ ಹೆಂಗಸಿಗೆ ಉಳಿದಿರುವ ಮಗಳೆಂದರೆ ಆ ಒಂದು ಲೇಖನವೇ ಇರಬಹುದೆಂದೂ ಅವಳಿಗೆ ಅನ್ನಿಸಿತು. ಆದರೂ ಅವಳ ಕೈ ಕಾಗದವನ್ನು ಕಿತ್ತಿತು.

"ನಿಮ್ಮ ಮಗಳ ಹೆಸರು, ಅಮ್ಮ. ಅವರು ಬರೆದದ್ದು ತಪ್ಪು ಅಂತ ನಾನು ತೋರಿಸಿದೀನಿ."

ತೊಕುಮಾರು ಅವರು ಆ ಸಾಲನ್ನು ಓದಿದರು. ಮತ್ತೊಮ್ಮೆ ಓದಿದರು. ಅವರ ಮುಖದಲ್ಲಿ ಏನೂ ಬದಲಾಗದಿದ್ದುದೇ ಮಹೋಳಿಗೆ ಸಹಿಸಲು ಕಷ್ಟವಾಯಿತು.

"ಅವಳು ಎಚ್ಚರ ತಪ್ಪೋಳಲ್ಲ," ಎಂದರು ಕೊನೆಗೆ.

"ಅಲ್ಲವೇ ಅಲ್ಲ. ನನಗೂ ಅದೇ ತಪ್ಪು ಆಯ್ತು. ಕೋಣೆಯಲ್ಲಿ ಒಂದು ದೀಪ ಉರೀತಿತ್ತು. ಇಲ್ಲಿ ನೋಡಿ."

ಅವರು ಕನ್ನಡಕ ಹಾಕಿಕೊಂಡು ಪೋಸ್ಟರಿನಲ್ಲಿದ್ದ ಆ ಯಂತ್ರದ ಛಾಯಾಚಿತ್ರದ ಹತ್ತಿರಕ್ಕೆ ಬಾಗಿದರು. ಯಂತ್ರದ ಹಿಡಿಗೆ ಮಾಸಿದ ಕೇಸರಿ ಬಣ್ಣದ ರಕ್ಷೆಯೊಂದನ್ನು ಯಾರೋ ಕಟ್ಟಿದ್ದರು. ದೇವಾಲಯಗಳಲ್ಲಿ ಕೊಡುವ ಪುಟ್ಟ ಚೀಲ. ಅವರ ಕೈಯಿಂದ ಗಂಟು ಜಾರಿತು. ಸುನಾಗಾ ಹಿಡಿದುಕೊಂಡ.

"ಈ ಯಂತ್ರಾನ ಕಳಿಸಿದ್ದು ನಾನು."

ಮಗಳು ತಪ್ಪು ಮಾಡಿದಳೆಂದು ತಾಯಿಗೆ ಹೇಳಿದ್ದು ಸಾಲದೆಂಬಂತೆ, ಆ ತಪ್ಪನ್ನು ಅಂಚೆಯಲ್ಲಿ ಕಳುಹಿಸಿದವರು ನೀವೇ ಎಂದೂ ಮಹೋ ಈಗ ಹೇಳಿದಂತಾಗಿತ್ತು.

"ಅವಳಿಗೆ ಉಬ್ಬಸ," ಎಂದರು ತೊಕುಮಾರು, ಚಿತ್ರದಿಂದ ಕಣ್ಣು ಕೀಳದೆ. "ಆ ಕೋಣೆಯಲ್ಲಿ ಬೂಷ್ಟು ಅಂತ ಹೇಳಿದ್ಲು. ಅದಕ್ಕೇ ಕಳಿಸಿದ್ದು. ಫೋನ್ ಮಾಡಿದಾಗ ಕೇಳಿದ್ರೆ, 'ಭಾರೀ ಸದ್ದಮ್ಮ, ಕಪಾಟಿಗೆ ತಳ್ಳಿದೀನಿ' ಅಂದ್ಲು. ಆ ಮಳೆಗಾಲದಲ್ಲೇ ಉಸಿರು ನಿಂತು ಹೋದ್ಲು." ಅವರು ಮಹೋಳ ಕಡೆ ತಿರುಗಿದರು. "ಅವಳ ಕಾಲದಲ್ಲಿ ಈ ದೀಪ ಉರೀತಿತ್ತು ಅಂತ ನಿಮಗೆ ಹೇಗೆ ಗೊತ್ತು?"

ಪರೀಕ್ಷಕರೂ ಇಷ್ಟು ನೇರವಾದ ಪ್ರಶ್ನೆಯನ್ನು ಅವಳಿಗೆ ಹಾಕಿರಲಿಲ್ಲ. ಮಹೋ ಒಂದೊಂದೇ ಮಾತನ್ನು ಅಳೆದು ಇಟ್ಟಳು.

"ಆರಿದ್ರೆ ಮೊಗ್ಗು ಬರುತ್ತೆ. ಉರಿದ್ರೆ ಬರಲ್ಲ. ಅವರ ಒಂದು ಬಳ್ಳಿಯಲ್ಲೂ ಮೊಗ್ಗು ಬಂದಿಲ್ಲ."

"ಬೇರೆ ಏನಾದ್ರೂ ಕಾರಣ ಇರಬಹುದಲ್ಲ?"

"ಹುಡುಕಿದೆ ಅಮ್ಮ. ಕಿಟಕಿ ಇಲ್ಲ, ಬಾಗಿಲಲ್ಲಿ ಸಂದಿಲ್ಲ. ಬೇರೆ ಬೆಳಕೇ ಅಲ್ಲಿಲ್ಲ."

"ಒಂದು ರಾತ್ರೀನೂ ಆರಿಸಿರಲಿಲ್ಲ?"

"ಮೊಗ್ಗು ಬಿಡೋಕೆ ಒಂದು ಕತ್ತಲ ರಾತ್ರಿ ಸಾಕು. ಆರಿಸಿರಲಿಲ್ಲ."

ಪಕ್ಕದ ಪೋಸ್ಟರಿನ ಮುಂದೆ ಯಾರೋ ಭತ್ತದ ಬೇರಿನ ಬಗ್ಗೆ ವಾದಿಸುತ್ತಿದ್ದರು.

"ಕಪಾಟಿಗೆ ತಳ್ಳಿದೀನಿ ಅಂದದ್ದು ಸುಮ್ಮನೆ ನನ್ನ ಕೆಣಕೋಕೆ ಹಾಗಾದ್ರೆ," ಎಂದರು ತೊಕುಮಾರು. "ನಾನು ಕೊಟ್ಟದ್ದನ್ನ ಮುಟ್ಟಲಿಲ್ಲ, ಮುಟ್ಟಿದ್ರೆ ಉಳೀತಿದ್ಲು ಅಂತ ಇಷ್ಟು ವರ್ಷ ಅವಳ ಮೇಲೆ ಸಿಟ್ಟಿಟ್ಕೊಂಡಿದ್ದೆ. ಯಂತ್ರ ಹಾಕ್ಕೊಂಡಿದ್ಲು." ಚಿತ್ರದ ಮೇಲೆ ಬೆರಳಿಟ್ಟು ಹೇಳಿದರು: "ಹಾಕ್ಕೊಂಡೂ ಹೋದ್ಲು."

ಕಿಜಿಮಾ ಮೇಷ್ಟ್ರು ಕ್ಷಮೆ ಕೇಳುವಂತೆ ಸೊಂಟದಿಂದ ಬಾಗಿದವರು ಮೇಲೇಳಲಿಲ್ಲ. "ಮೇಷ್ಟ್ರೇ, ಬೆನ್ನು ನೋವು ಬರುತ್ತೆ, ಏಳಿ," ಎಂದರು ಆಕೆ. ಗಂಟು ಬಿಚ್ಚಿ, ಮಡಿಸಿದ ಬಿಳಿ ಟವೆಲನ್ನು ಎರಡೂ ಕೈಯಲ್ಲಿ ಮಹೋಳಿಗೆ ಕೊಟ್ಟರು. ಅವಳು ಹಿಡಿಯುವವರೆಗೂ ಬಿಡಲಿಲ್ಲ. ಕಿತ್ತ ಕಾಗದವನ್ನು ನೆಲದಿಂದ ಹೆಕ್ಕಿ ತಮ್ಮ ಚೀಲಕ್ಕೆ ಹಾಕಿಕೊಂಡರು.

ಹೊರಡುವರೆಂದು ಎಲ್ಲರೂ ದಾರಿ ಬಿಟ್ಟರು. ಅವರು ಪೋಸ್ಟರಿನ ಪಕ್ಕದಲ್ಲೇ ನಿಂತರು.

ಅಷ್ಟರಲ್ಲಿ ಬೇರೆ ವಿಶ್ವವಿದ್ಯಾಲಯದ ಸಂಶೋಧಕನೊಬ್ಬ ಬಂದು, ಪೋಸ್ಟರನ್ನು ಮೇಲಿಂದ ಕೆಳಗೆ ಓದಿ, ಹುಬ್ಬು ಗಂಟಿಕ್ಕಿದ. "ಹಳೇ ಪ್ರಯೋಗದ ಹೊತ್ತಲ್ಲಿ ಆ ಯಂತ್ರ ಚಾಲೂ ಇತ್ತು ಅನ್ನೋದು ನಿಮ್ಮ ಊಹೆ ತಾನೇ?"

ಮಹೋ ಬಾಯಿ ತೆರೆಯುವ ಮೊದಲೇ ತೊಕುಮಾರು ಹೇಳಿದರು:

"ಊಹೆ ಅಲ್ಲಪ್ಪ. ರಾತ್ರಿಯಿಡೀ ಉರೀತಿತ್ತು."