ಬೀಗದವನು ಕಂಡ ಹುಬ್ಬು

ಆ ತಿಂಗಳು ದೇಶದಲ್ಲಿ ಯಾರಿಗೂ ತಮ್ಮ ಮನೆ ಬೀಗದ ಮೇಲೆ ನಂಬಿಕೆ ಇರಲಿಲ್ಲ. "ಮಗು ಸ್ಕೂಲಿಂದ ಬಂದ್ರೆ ಕೊಡಿ" ಎಂದು ಪಕ್ಕದ ಮನೆಯಲ್ಲಿ ಕೀ ಇಟ್ಟು ಹೋಗುತ್ತಿದ್ದವರು ಅದನ್ನು ವಾಪಸು ಇಸಿದುಕೊಂಡರು. ಮನೆಗೆಲಸದವಳು ವರ್ಷಗಟ್ಟಲೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ ಕೀ ರಾತ್ರೋರಾತ್ರಿ ಅಪಾಯದ ವಸ್ತುವಾಯಿತು. ಲಿಫ್ಟ್ ಕೆಟ್ಟರೆ ಜನ ಉಸ್ಸಪ್ಪಾ ಎಂದು ಮೆಟ್ಟಿಲು ಹತ್ತಿದರೇ ಹೊರತು ರಿಪೇರಿಯವನನ್ನು ಕರೆಯಲಿಲ್ಲ.

ಎಲ್ಲಕ್ಕೂ ಕಾರಣ ಒಂದೇ ಕೇಸು. ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ತಾಯಿ, ಮಗಳು ಇಬ್ಬರ ಕೊಲೆಯಾಗಿತ್ತು. ಬಾಗಿಲು ಮುರಿದಿರಲಿಲ್ಲ, ಕಿಟಕಿ ತೆರೆದಿರಲಿಲ್ಲ. ಹೊರಗಿನಿಂದ ನೀಟಾಗಿ ಬೀಗ ಹಾಕಿತ್ತು. ಅಂದರೆ ಬಂದವನ ಕೈಯಲ್ಲಿ ಇನ್ನೊಂದು ಕೀ ಇತ್ತು. ಟೀವಿಯವರು ಇದಕ್ಕೆ 'ನಾಲ್ಕನೇ ಮಹಡಿ ಕೇಸ್' ಎಂದು ನಾಮಕರಣ ಮಾಡಿದರು. ಬೆಳಗಾದರೆ ಅದೇ, ಸಂಜೆಯಾದರೆ ಅದೇ. ಮಂತ್ರಿಗಳು ಹೇಳಿಕೆ ಕೊಟ್ಟರು. ಎಲ್ಲೋ ದೂರದ ಊರುಗಳಲ್ಲೂ ನಾಲ್ಕನೇ ಮಹಡಿಯ ಮನೆಗಳು ಬಾಡಿಗೆಗೆ ಹೋಗದೆ ಉಳಿದವು. ಸತ್ತ ಇಬ್ಬರ ಹೆಸರು ಮಾತ್ರ ಯಾರಿಗೂ ನೆನಪಿರಲಿಲ್ಲ.

ಈ ಗಲಾಟೆಯಲ್ಲಿ ಕೈತುಂಬ ಕೆಲಸ ಸಿಕ್ಕಿದ್ದು ಕೊಲೆಯಾದ ಊರಿನಲ್ಲೇ ಬಸ್ ನಿಲ್ದಾಣದ ಎದುರಿನ ಡೂಪ್ಲಿಕೇಟ್ ಕೀ ಮಾಡುವವನಿಗೆ. ಚಪ್ಪಲಿ ಅಂಗಡಿಯ ಮೆಟ್ಟಿಲ ಕೆಳಗೆ ಅವನ ಅಂಗಡಿ. ಒಬ್ಬ ಕೂತರೆ ಇನ್ನೊಬ್ಬ ನಿಂತೇ ಇರಬೇಕು, ಅಷ್ಟು ಜಾಗ. ಗೋಡೆ ತುಂಬ ಇನ್ನೂ ಹಲ್ಲು ಮೂಡದ ಕೀಗಳ ಗೊಂಚಲು, ಮುಂದೆ ಕಿರ್ರ್ ಎನ್ನುವ ಮೆಷೀನು, ಮೈಮೇಲೆ ಸದಾ ಹಿತ್ತಾಳೆಯ ಪುಡಿ. ಬೀಗದವನಾದ್ದರಿಂದ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ "ಬೀಗರೇ" ಎಂದು. ಹೆಣ್ಣು ಕೊಟ್ಟವನಲ್ಲ, ತಂದವನಲ್ಲ, ಮದುವೆ ಮಾಡೋಣವೆಂದರೆ ಮಕ್ಕಳೇ ಇಲ್ಲ. ಆದರೂ ಊರಿಗೆಲ್ಲ ಬೀಗರು.

ಬೀಗರಿಗೆ ಕೆಲಸ ಜಾಸ್ತಿಯಾಗಿತ್ತು ನಿಜ, ಆದರೆ ಒಳಗೊಳಗೇ ಹೆದರಿಕೆಯೂ ಇತ್ತು. ಕೊಲೆಗೆ ಕೆಲವು ದಿನ ಮೊದಲು ಒಬ್ಬ ಗಿರಾಕಿ, ಟೀವಿಯಲ್ಲಿ ತೋರಿಸಿದ ಆ ಬಾಗಿಲಿನ ಕೀಯಂಥದೇ ಕೀ ತಂದು ಇನ್ನೊಂದು ಮಾಡಿಸಿಕೊಂಡು ಹೋಗಿದ್ದ. ಹೀಗೊಬ್ಬ ಬಂದಿದ್ದ ಎಂದು ಟೀ ಅಂಗಡಿಯಲ್ಲಿ ಬಾಯಿ ಬಿಟ್ಟೂ ಇದ್ದ. ಆ ಬಾಗಿಲು ತೆರೆದದ್ದು ತನ್ನ ಮೆಷೀನಿನಲ್ಲಿ ಕಡಿದ ಕೀಯೇ ಆಗಿದ್ದರೆ? ಈ ಯೋಚನೆ ಬಂದಾಗಲೆಲ್ಲ ಅವನು ಮೆಷೀನು ನಿಲ್ಲಿಸಿಬಿಡುತ್ತಿದ್ದ. ತಪ್ಪು ನನ್ನದಲ್ಲ, ಇಂಥವನದು ಎಂದು ತೋರಿಸಲು ಅವನಿಗೊಂದು ಮುಖ ಬೇಕಾಗಿತ್ತು.

ಮುಖ ಟೀವಿಯಲ್ಲಿ ಬಂತು. ಆ ಅಪಾರ್ಟ್‌ಮೆಂಟಿನ ಲಿಫ್ಟ್ ರಿಪೇರಿಯವನನ್ನು ಪೊಲೀಸರು ವಿಚಾರಣೆಗೆ ಕರೆದುಕೊಂಡು ಹೋಗಿದ್ದರು. ಅವನ ಎಡಹುಬ್ಬಿನ ನಡುವೆ ಹಳೆಯ ಗಾಯದ ಸೀಳು. ಟೀವಿಯವರು ಅದರ ಸುತ್ತ ಕೆಂಪು ಗೆರೆ ಎಳೆದು ದಿನವಿಡೀ ತೋರಿಸಿದರು, ಹುಬ್ಬೇ ಕೊಲೆ ಮಾಡಿದ ಹಾಗೆ.

"ಬೀಗರೇ, ನಿಮ್ಮತ್ರ ಕೀ ಮಾಡಿಸ್ಕೊಂಡೋನು ಇವನೇ ಅಂತೆ ಕಣ್ರೀ!" ಎಂದ ಎದುರಿನ ಟೀ ಅಂಗಡಿಯವನು. ಟೀವಿ ಇದ್ದದ್ದು ಅವನ ಅಂಗಡಿಯಲ್ಲೇ.

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಿದಾರೆ."

"ಇರಬಹುದು" ಎಂದ ಬೀಗದವನು. ಮಾರನೇ ದಿನ "ಇವನೇ ಅನ್ಸುತ್ತೆ" ಎಂದ. ಅದರ ಮಾರನೇ ದಿನ ಮೈಕು ಹಿಡಿದ ಹುಡುಗಿ ಬಂದು ಕೇಳಿದಾಗ ಎದೆ ಉಬ್ಬಿಸಿ, "ಇವನೇ. ಹುಬ್ಬು ನೋಡಿದ ತಕ್ಷಣ ಗೊತ್ತಾಯ್ತು. ಕಣ್ಣಿಗೆ ಕಟ್ಟಿದ ಹಾಗಿದೆ" ಎಂದುಬಿಟ್ಟ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಆ ಹುಬ್ಬು ನಿಜವಾಗಿಯೂ ಅವನ ಕಣ್ಣಿಗೆ ಕಟ್ಟಿತ್ತು.

ಆ ಸಂಜೆ ದೇಶವೆಲ್ಲ ಅವನ ಮಾತು ಕೇಳಿತು. ಅದೇ ಸಂಜೆ ಲಿಫ್ಟ್ ರಿಪೇರಿಯವನ ಮನೆ ಮುಂದೆ ಜನ ಸೇರಿ ಬಾಗಿಲು ಒದ್ದು ಮುರಿದರು ಎಂಬ ಸುದ್ದಿಯೂ ಬಂತು. ಬೀಗದವನಿಗೆ ಅದು ಯಾಕೋ ಸರಿ ಕಾಣಲಿಲ್ಲ. ಆದರೆ ಗಿರಾಕಿಗಳು ಕೈಕುಲುಕಲು ಬರುತ್ತಿದ್ದರು. ಬೀಗದವನು ಬೀಗುತ್ತಿದ್ದ. ಅದರ ಮೇಲೆ ಠಾಣೆಯಿಂದ ಫೋನು ಬಂತು. ಸೋಮವಾರ ಬೆಳಿಗ್ಗೆ ಬರಬೇಕು, ಕೆಲವರನ್ನು ಸಾಲಾಗಿ ನಿಲ್ಲಿಸುತ್ತಾರೆ, ಅಂಗಡಿಗೆ ಬಂದವನು ಯಾರೆಂದು ಬೆರಳು ಮಾಡಿ ತೋರಿಸಬೇಕು.

ಭಾನುವಾರ ಅವನ ಹೆಂಡತಿ ಗಂಡನ ಬಿಳಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಅವಳ ತಂಗಿ ಬಂದಳು. ತಂಗಿ ಬೇರೆ ಊರಿನ ಕೋರ್ಟಿನಲ್ಲಿ ಟೈಪಿಸ್ಟು. ಸಾಕ್ಷಿ ಹೇಳುವವರ ಮಾತನ್ನು ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಬಾಯಿ ಸ್ವಲ್ಪ ಜೋರು.

"ಏನ್ ಭಾವ, ದೇಶಕ್ಕೇ ಹೀರೋ ಆಗಿಬಿಟ್ರಿ. ನಮಗೆಲ್ಲ ಇನ್ಮೇಲೆ ಅಪಾಯಿಂಟ್‌ಮೆಂಟು ಬೇಕೇನೋ!"

"ನಿನಗೆ ಮಾತ್ರ ಬೇಕಿಲ್ಲ, ಕೂತ್ಕೋ" ಎಂದ ಬೀಗದವನು, ನಗು ತಡೆಯಲಾರದೆ. "ನಾಳೆ ಹೋಗಿ ತೋರಿಸಿ ಬರ್ತೀನಿ. ಆ ಪಾಪಿಗೆ ಶಿಕ್ಷೆ ಆಗ್ಲೇಬೇಕು."

"ಆಗ್ಲಿ. ಯಾರು ಮಾಡಿದಾರೋ ಅವರಿಗೆ ಆಗ್ಲಿ. ಅಂದ್ಹಾಗೆ ಭಾವ, ಆ ಹುಬ್ಬನ್ನ ನೀವು ಮೊದಲು ಎಲ್ಲಿ ನೋಡಿದ್ದು?"

"ಇದೇನು ಪ್ರಶ್ನೆ? ಅಂಗಡೀಲಿ."

"ಮೊದಲು ಅಂಗಡೀಲಿ ಆಮೇಲೆ ಟೀವೀಲಾ, ಮೊದಲು ಟೀವೀಲಿ ಆಮೇಲೆ ಅಂಗಡೀಲಾ?"

ಬೀಗದವನಿಗೆ ರೇಗಿತು. "ನನ್ನ ಕಣ್ಣನ್ನೇ ಅನುಮಾನಿಸ್ತೀಯಾ? ಕೀ ಹಲ್ಲು ಕೂದಲೆಳೆ ಆಚೆ ಈಚೆ ಆದ್ರೂ ಹಿಡಿಯೋ ಕಣ್ಣು ಇದು!"

"ಕೀ ಹಲ್ಲನ್ನ ನೀವು ನೋಡೇ ನೋಡ್ತೀರ, ಅದಕ್ಕೆ ನಾನು ಸಹಿ ಹಾಕ್ಕೊಡ್ತೀನಿ. ನಾನು ಕೇಳಿದ್ದು ಮುಖದ ವಿಷಯ." ಅವಳು ಅಕ್ಕನ ಕಡೆ ತಿರುಗಿದಳು. "ಅಕ್ಕ, ಕೊಲೆ ಸುದ್ದಿ ಮೊದಲು ಬಂದ ದಿನ ಭಾವ ನಿನ್ನ ಹತ್ರ ಏನಂದ್ರು, ನೆನಪಿದೆಯಾ?"

"ಅಯ್ಯೋ, ನೆನಪಿಲ್ದೆ ಏನು" ಎಂದಳು ಹೆಂಡತಿ, ಇಸ್ತ್ರಿಪೆಟ್ಟಿಗೆ ನಿಲ್ಲಿಸದೆ. "ಕೈ ತೊಳೀತಾ ಹೇಳಿದ್ರು. ಹೋದ ವಾರ ಒಬ್ಬ ಬಂದಿದ್ದ ಕಣೇ, ಅಂಥದೇ ಕೀ, ಅವಸರವೋ ಅವಸರ. ತಲೆ ಮೇಲಿನ ಹೆಲ್ಮೆಟ್ಟೂ ತೆಗೀಲಿಲ್ಲ, ಗಾಜೂ ಎತ್ತಲಿಲ್ಲ. ಆ ಮಡಕೆ ಒಳಗಿಂದ ಮಾತಾಡಿದ್ರೆ ಯಾವ ಕಿವೀಲಿ ಕೇಳಿಸ್ಕೊಳ್ಳೋದು, ತೆಗೀರಿ ಅಂತ ಬೈದೆ, ಆದ್ರೂ ತೆಗೀಲಿಲ್ಲ ಅಂತ..."

ಅಲ್ಲಿಗೆ ಅವಳ ಮಾತು ನಿಂತಿತು. ಇಸ್ತ್ರಿಪೆಟ್ಟಿಗೆಯೂ ನಿಂತಿತು. ಅವಳು ಗಂಡನ ಮುಖ ನೋಡಿದಳು. ಬಟ್ಟೆ ಸುಟ್ಟ ವಾಸನೆ ಬಂದ ಮೇಲೆ ಗಡಬಡಿಸಿ ಪೆಟ್ಟಿಗೆ ಎತ್ತಿದಳು.

ಬೀಗದವನು ಕೂತಲ್ಲಿಂದ ಎದ್ದುಬಿಟ್ಟ. ಹೆಲ್ಮೆಟ್ಟು! ಕಪ್ಪು ಗಾಜಿನಲ್ಲಿ ಕಂಡದ್ದು ತನ್ನದೇ ಅಂಗಡಿಯ ಬಲ್ಬು. ಅದು ಹೇಗೆ ಮರೆತುಹೋಯಿತು?

"ಗಾಜು ಒಂದ್ಸಲ ಎತ್ತಿರಬಹುದು" ಎಂದ, ಸಣ್ಣ ದನಿಯಲ್ಲಿ.

"ಎತ್ತಿದ್ನಾ, ಎತ್ತಿರಬಹುದಾ?"

ಅವನು ಸುಟ್ಟ ಶರ್ಟಿನ ಕಡೆ ತಿರುಗಿದ.

"ನಾಳೆ ಏನು ಹೇಳ್ಬೇಕು ಅಂತ ನಾನು ಹೇಳ್ಕೊಡಲ್ಲ ಭಾವ. ಹೇಳ್ಕೊಡೋದು ತಪ್ಪು" ಎಂದಳು ನಾದಿನಿ. ಅವಳ ದನಿ ಈಗ ಮೆತ್ತಗಾಗಿತ್ತು. "ಆದ್ರೆ ದಿನಾ ನೋಡ್ತೀನಲ್ಲ, ಅದನ್ನ ಹೇಳ್ತೀನಿ. ಸಾಕ್ಷಿಗೆ ಬರೋರಲ್ಲಿ ಬೇಕಂತಲೇ ಸುಳ್ಳು ಹೇಳೋರು ಕಡಿಮೆ. ಒಳ್ಳೆಯವರೇ, ದೇವರಾಣೆಗೂ ನಿಜ ಅಂತಲೇ ಹೇಳ್ತಾರೆ. ಆದ್ರೆ ದಾರೀಲಿ ಎಲ್ಲೋ ಒಂದು 'ಅಂತೆ' ಬೀಳಿಸ್ಕೊಂಡು ಬಂದಿರ್ತಾರೆ. ಇವನೇ ಅಂತೆ ಅಂತ ಶುರುವಾಗಿರುತ್ತೆ. ಬಾಯಿಂದ ಬಾಯಿಗೆ ಬರೋ ಹೊತ್ತಿಗೆ ಅಂತೆ ಬಿದ್ದೋಗಿ, ಬರೀ 'ಇವನೇ' ಉಳಿದಿರುತ್ತೆ. ನಾನು ಅದನ್ನೇ ಟೈಪ್ ಮಾಡ್ಬೇಕಾಗುತ್ತೆ."

"ಇಡೀ ದೇಶಾನೇ ಹೇಳ್ತಿದೆಯಲ್ಲೇ, ಇವನೇ ಅಂತ!"

"ದೇಶಕ್ಕೆ ಹೇಗೆ ಗೊತ್ತು? ನೀವು ಹೇಳಿದ್ರಿ ಅಂತ ದೇಶ ಹೇಳ್ತಿದೆ. ದೇಶ ಹೇಳ್ತು ಅಂತ ನೀವು ಹೇಳ್ತೀರ. ಒಳ್ಳೆ ಕಥೆ!"

ಹೆಂಡತಿ ನಡುವೆ ಬಾಯಿ ಹಾಕಿದಳು. "ಅಲ್ವೇ, ಆ ಇಬ್ರು ಹೆಂಗಸರ ಜೀವ ಹೋಗಿದೆ. ಅವನೇ ಮಾಡಿದ್ರೆ? ಇವರು ಹಿಂದೆ ಸರಿದ್ರು ಅಂತ ಅವನು ತಪ್ಪಿಸ್ಕೊಂಡ್ಬಿಟ್ರೆ?"

"ಅವನೇ ಮಾಡಿದ್ರೆ ಪೊಲೀಸರಿಗೆ ಬೇರೆ ಪುರಾವೆ ಸಿಗುತ್ತೆ ಅಕ್ಕ, ಹುಡುಕ್ತಾರೆ. ಅವನಲ್ಲದೇ ಇದ್ರೆ? ಭಾವ ಬೆರಳು ತೋರಿಸಿದ ಕೂಡ್ಲೇ ಹುಡುಕೋದು ನಿಂತೋಗುತ್ತೆ. ಹೆಲ್ಮೆಟ್ಟಿನವನು ಆ ಕೀ ಜೇಬಲ್ಲಿಟ್ಕೊಂಡು ಟೀ ಕುಡೀತಾ ಇದೇ ಸುದ್ದಿ ನೋಡ್ತಿರ್ತಾನೆ. ಆ ತಾಯಿ ಮಗಳಿಗೆ ನ್ಯಾಯ ಸಿಕ್ಕಂಗಾಯ್ತಾ?"

ಬೀಗದವನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು. "ಟೀವೀಲಿ ಹೇಳಿಬಿಟ್ಟಿದೀನಲ್ಲ, ಈಗ ಇಲ್ಲ ಅಂದ್ರೆ ಜನ ಮುಖಕ್ಕೆ ಉಗೀತಾರೆ. ಪೊಲೀಸರು ನನ್ನನ್ನೇ ಒಳಗೆ ಹಾಕಿದ್ರೆ?"

"ಜನ ಒಂದ್ವಾರ ಆಡ್ಕೊಳ್ತಾರೆ, ಆಡ್ಕೊಳ್ಳಿ. ಪೊಲೀಸರಿಗೆ ಹೋದ ತಕ್ಷಣ, ಆ ಸಾಲು ನೋಡೋಕೂ ಮೊದಲೇ, ಸಾರ್ ನಾನು ಟೀವೀಲಿ ಫೋಟೋ ನೋಡಿದೀನಿ ಅನ್ನಿ. ಅದನ್ನ ಮುಚ್ಚಿಡಬಾರದು. ಆಮೇಲೆ ನಿಮ್ಮ ಕಣ್ಣಿಗೆ ಕಂಡದ್ದು ಏನಿದೆಯೋ ಅಷ್ಟು ಹೇಳಿ. ಕಾಣದ್ದನ್ನ ಕಾಣಲಿಲ್ಲ ಅನ್ನಿ. ಅದೂ ಸಾಕ್ಷೀನೇ ಭಾವ."

ಸೋಮವಾರ ಬೀಗದವನು ಬೇರೆ ಶರ್ಟು ಹಾಕಿಕೊಂಡು ಠಾಣೆಗೆ ಹೋದ. ಅಧಿಕಾರಿ ಎದುರು ಕೂತು, ಬೆವರು ಒರೆಸಿಕೊಳ್ಳುತ್ತ, ಟೀವಿ ಫೋಟೋದಿಂದ ಶುರುಮಾಡಿ ಹೆಲ್ಮೆಟ್ಟಿನವರೆಗೆ ಎಲ್ಲ ಹೇಳಿದ. ಅಧಿಕಾರಿಗೆ ಸಿಟ್ಟು ಬಂತು. "ಏನ್ರೀ, ಮೊನ್ನೆ ಮೈಕ್ ಮುಂದೆ ಒಂದು, ಇವತ್ತು ಇಲ್ಲೊಂದು? ತಮಾಷೆ ಅನ್ಕೊಂಡಿದೀರಾ?"

"ತಪ್ಪಾಯ್ತು ಸಾರ್. ಅವತ್ತು ಹೇಳಿದ್ದು ಟೀವೀಲಿ ಕಂಡದ್ದು. ಇವತ್ತು ಹೇಳ್ತಿರೋದು ಅಂಗಡೀಲಿ ಕಂಡದ್ದು."

ಅಧಿಕಾರಿ ಪೆನ್ನು ಕೈಗೆತ್ತಿಕೊಂಡರು. ಆಮೇಲೆ ಹೆಲ್ಮೆಟ್ಟಿನ ಬಣ್ಣ ಕೇಳಿದರು, ಗಾಡಿ ಇತ್ತೇ ಎಂದು ಕೇಳಿದರು, ಕೀ ಯಾವ ಕಂಪನಿಯದು ಎಂದು ಕೇಳಿದರು. ಬೀಗದವನು ಗೊತ್ತಿದ್ದಕ್ಕೆ ಉತ್ತರ ಕೊಟ್ಟ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದ. ಬರೆದುಕೊಂಡು ಅವನನ್ನು ಮನೆಗೆ ಕಳಿಸಿದರು. ಸಾಲು ನಿಲ್ಲಿಸಲೇ ಇಲ್ಲ.

ಬೀದಿಯಲ್ಲಿ ಜನ ಆಡಿಕೊಂಡರು. "ಬೀಗರು ಬಾಯಿಗೇ ಬೀಗ ಜಡ್ಕೊಂಡ್ರಲ್ಲಪ್ಪಾ!" ಎಂದ ಟೀ ಅಂಗಡಿಯವನು. ಮೈಕಿನ ಹುಡುಗಿ ಮತ್ತೆ ಬರಲಿಲ್ಲ. 'ನಾನು ಮುಖ ನೋಡಿಲ್ಲ' ಎನ್ನುವವನನ್ನು ಟೀವಿಯಲ್ಲಿ ತೋರಿಸಿ ಯಾರಿಗೇನು ಲಾಭ?

ಮುಂದಿನ ದಿನಗಳಲ್ಲಿ ಪೊಲೀಸರಿಗೆ ಇನ್ನೊಂದು ವಿಷಯ ತಿಳಿಯಿತು. ಕೊಲೆಯಾದ ಹೊತ್ತಿನಲ್ಲಿ ಲಿಫ್ಟ್ ರಿಪೇರಿಯವನು ಒಂದು ಆಸ್ಪತ್ರೆಯ ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುತ್ತಿದ್ದ. ಹೊರಬಂದವರೇ ಬಂದು ಹೇಳಿದರು. ಅವನನ್ನು ಬಿಟ್ಟರು. ಟೀವಿಯಲ್ಲಿ ಆ ಸುದ್ದಿ ಪರದೆಯ ಅಡಿಯಲ್ಲಿ ಒಂದು ಸಾಲಾಗಿ ಹರಿದು ಹೋಯಿತು. ಪೊಲೀಸರು ಈಗ ಹೆಲ್ಮೆಟ್ಟಿನವನನ್ನು ಹುಡುಕುತ್ತಿದ್ದಾರೆ.

ಒಂದು ಮಧ್ಯಾಹ್ನ ಬೀಗದವನು ತಲೆ ಬಗ್ಗಿಸಿ ಕೀ ಉಜ್ಜುತ್ತಿದ್ದಾಗ ಯಾರೋ ಮುರಿದ ಬೀಗವೊಂದನ್ನು ಅವನ ಮುಂದೆ ಇಟ್ಟರು. ಬಾಗಿಲಿನಿಂದ ಮರದ ಚೂರಿನ ಸಮೇತ ಕಿತ್ತು ಬಂದ ಬೀಗ.

"ಬಾಗಿಲು ಒದ್ದು ಮುರಿದಿದಾರೆ. ಮನೇಲಿ ಹೆಂಡ್ತಿ ಮಗು ಒಳಗಿಂದ ಮಂಚ ಅಡ್ಡ ಇಟ್ಕೊಂಡು ಮಲಗ್ತಿದಾರೆ. ಹೊಸ ಬೀಗ ಬೇಕಿತ್ತು."

ಬೀಗದವನು ತಲೆಯೆತ್ತಿದ. ಎಡಹುಬ್ಬಿನಲ್ಲಿ ಸೀಳು. ಟೀವಿಯಲ್ಲಿ ಕಂಡದ್ದಕ್ಕಿಂತ ಮುಖ ಚಿಕ್ಕದು, ಬಣ್ಣ ಕಪ್ಪು, ಕಣ್ಣ ಕೆಳಗೆ ದಣಿವು.

"ಟೀವೀಲಿ ನನ್ನ ಗುರುತು ಹಿಡಿದೋರು ನೀವೇ ಅಲ್ವಾ?" ಎಂದ ಬಂದವನು. ಜಗಳವಾಡುವ ದನಿ ಅಲ್ಲ. ತಿಳಿದುಕೊಳ್ಳಬೇಕು ಎನ್ನುವ ದನಿ.

"ಹೌದು."

"ಒಂದೇ ಒಂದು ಕೇಳ್ತೀನಿ, ಹೇಳಿ. ನನ್ನನ್ನ ನೀವು ಎಲ್ಲಿ ನೋಡಿದ್ರಿ?"

ಉತ್ತರ ಒಂದೇ ಇತ್ತು.

"ಟೀವೀಲಿ" ಎಂದ. "ಮುಖಾಮುಖಿ ನೋಡ್ತಿರೋದು ಇವತ್ತೇ."

ಓದುಗರೇ, ಕೇಳುಗರೇ, ದೊಡ್ಡ ಅಪರಾಧ ನಡೆದಾಗ ದೇಶಕ್ಕೆ ದೇಶವೇ ಹೆದರುತ್ತದೆ. ಹೆದರಿದವರಿಗೆ ಬೇಗ ಒಂದು ಮುಖ ಬೇಕಾಗುತ್ತದೆ. ಹಾಗಂತ ಸಿಕ್ಕ ಮುಖವನ್ನು ಕೊಡಬೇಡಿ. ನೀವು ಏನಾದರೂ ಕಂಡಿದ್ದರೆ ಸುಮ್ಮನಿರಬೇಡಿ, ಅಂದೇ ಪೊಲೀಸರಿಗೆ ಹೇಳಿ. ಮೈಕಿನವರಿಗೆ, ಟೀ ಅಂಗಡಿಯವರಿಗೆ ಆಮೇಲೂ ಹೇಳಬಹುದು. ಟೀವಿಯಲ್ಲೋ ಫೋನಿನಲ್ಲೋ ಫೋಟೋ ನೋಡಿದ್ದರೆ ಅದನ್ನೂ ಹೇಳಿ. ಆರೋಪಿಯ ಫೋಟೋ ನಿಮ್ಮ ಫೋನಿಗೆ ಬಂದರೆ ಅದು ಅಲ್ಲೇ ನಿಲ್ಲಲಿ, ಮುಂದಕ್ಕೆ ಕಳಿಸಬೇಡಿ. ಕಂಡದ್ದನ್ನು ಕಂಡೆ ಅನ್ನಿ. ಕೇಳಿದ್ದನ್ನು ಅಂತೆ ಅನ್ನಿ. ಆ ಎರಡಕ್ಷರ ಬಿದ್ದುಹೋದರೆ ಯಾರದೋ ಮನೆಯ ಬಾಗಿಲು ಮುರಿಯುತ್ತದೆ, ಒಳಗೆ ಮಗು ಇರುತ್ತದೆ.